ಸೋತ ಮೇಲಿನ ಪಂದ್ಯ

ಕರಾಟೆಯ ಹಲವು ದೊಡ್ಡ ಟೂರ್ನಿಗಳಲ್ಲಿ ಬೆಳಗಿನ ಸುತ್ತುಗಳು ಮುಗಿಯುವ ಹೊತ್ತಿಗೆ ಗ್ಯಾಲರಿಯಲ್ಲಿ ಒಂದು ನೋಟ ಕಾಣಸಿಗುತ್ತದೆ. ಆಗಷ್ಟೇ ಸೋತು ಬಂದ ಹುಡುಗಿ ಬಿಳಿ ಉಡುಪನ್ನೂ ಬದಲಿಸದೆ ಮೆಟ್ಟಿಲ ಮೇಲೆ ಕುಳಿತಿರುತ್ತಾಳೆ. ಕೈಗವಸು ಮಡಿಲಲ್ಲಿ, ಕಾಲಿನ ಪ್ಯಾಡು ಕಾಲಲ್ಲೇ. ಹಣೆಯ ಬೆವರು ಇನ್ನೂ ಆರಿರುವುದಿಲ್ಲ. ಕಣ್ಣೆಲ್ಲ ಕೆಳಗಿನ ಮ್ಯಾಟಿನ ಮೇಲೆ. ಅಲ್ಲಿ ಆಡುತ್ತಿರುವವಳು ಇವಳ ಗೆಳತಿಯಲ್ಲ, ಇವಳ ದೇಶದವಳೂ ಅಲ್ಲ. ಸ್ವಲ್ಪ ಹೊತ್ತಿನ ಹಿಂದೆ ಇವಳನ್ನು ಸೋಲಿಸಿ ಮುಂದಿನ ಸುತ್ತಿಗೆ ಹೋದವಳು. ಆಕೆ ಎದುರಾಳಿಯ ಒದೆತದಿಂದ ಪಾರಾದರೆ ಇವಳು ಉಸಿರು ಬಿಡುತ್ತಾಳೆ. ಆಕೆ ಅಂಕ ಗಳಿಸಿದರೆ ಇವಳ ಮುಷ್ಟಿ ಬಿಗಿಯುತ್ತದೆ.

ಕಾರಣ ರೆಪೆಚೇಜ್ ನಿಯಮ. ಫೈನಲ್ ತಲುಪಿದ ಇಬ್ಬರ ಕೈಯಲ್ಲಿ ಹಿಂದಿನ ಸುತ್ತುಗಳಲ್ಲಿ ಸೋತವರನ್ನು ಮಾತ್ರ ಮತ್ತೆ ಕರೆದು ಆಡಿಸುತ್ತಾರೆ. ಎರಡೂ ಬದಿಯಿಂದ ಒಬ್ಬೊಬ್ಬರಂತೆ ಇಬ್ಬರಿಗೆ ಕಂಚು. ಹಾಗಾಗಿ ನಿಮ್ಮನ್ನು ಸೋಲಿಸಿದವರು ಫೈನಲ್‌ಗೆ ಹೋದರೆ ನಿಮ್ಮ ಬಾಗಿಲೂ ತೆರೆಯುತ್ತದೆ. ಅವರು ನಡುವೆ ಎಡವಿದರೆ ನಿಮ್ಮ ದಿನವೂ ಅಲ್ಲಿಗೆ ಮುಗಿಯಿತು. ಮೈಕಿನಲ್ಲಿ ಹೆಸರು ಕೇಳಿಬಂದ ಕೂಡಲೇ ಆ ಹುಡುಗಿ ಎದ್ದು, ಸೋಲಿನ ಭಾರವನ್ನು ಮೆಟ್ಟಿಲ ಮೇಲೇ ಬಿಟ್ಟು, ಕೆಳಗಿಳಿದು ಬೆಲ್ಟ್ ಬಿಗಿಯಬೇಕು. ಅಂತರರಾಷ್ಟ್ರೀಯ ಕರಾಟೆಯಲ್ಲಿ ಅರ್ಹತೆಯ ಅಂಕಗಳು ಇಂಥ ಪಂದ್ಯಗಳಲ್ಲೂ ಕೂಡುತ್ತವೆ. ಪತ್ರಿಕೆಗಳಲ್ಲಿ ಚಿನ್ನ ಗೆದ್ದವರ ಚಿತ್ರ ಬರುತ್ತದೆ. ಅರ್ಹತೆಯ ಪಟ್ಟಿಯನ್ನು ಕಟ್ಟುವುದರಲ್ಲಿ ಸೋತ ಮೇಲೂ ಆಡಿದವರ ಅಂಕಗಳಿಗೂ ಪಾಲಿದೆ.

ಎಂಬತ್ತೇ ಸೀಟು

ಅರ್ಹತೆಯ ಈ ದಾರಿಯನ್ನು ಅತ್ಯಂತ ಸ್ಪಷ್ಟವಾಗಿ ತೋರಿಸಿದ್ದು ಟೋಕಿಯೊ ಒಲಿಂಪಿಕ್ಸ್. 2016ರ ಆಗಸ್ಟ್‌ನಲ್ಲಿ ರಿಯೊದಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ, ಟೋಕಿಯೊ ಕೂಟಕ್ಕೆ ಹೊಸದಾಗಿ ಸೇರಿಸಿದ ಐದು ಕ್ರೀಡೆಗಳಲ್ಲಿ ಕರಾಟೆಯೂ ಒಂದು. ದಶಕಗಳ ಕಾಯುವಿಕೆಗೆ ಸಿಕ್ಕ ಫಲ. ಆದರೆ ಸಿಕ್ಕ ಜಾಗ ತೀರಾ ಕಿರಿದು. ಪುರುಷರು 40, ಮಹಿಳೆಯರು 40, ಒಟ್ಟು 80 ಮಂದಿ. ಸ್ಪರ್ಧೆಗಳು ಎಂಟು. ಎದುರಾಳಿಯೊಡನೆ ಸೆಣಸುವ ಕುಮಿಟೆಯಲ್ಲಿ ಆರು, ಒಬ್ಬರೇ ನಿಂತು ಮಾಡಿ ತೋರಿಸುವ ಕಟಾದಲ್ಲಿ ಎರಡು. ಒಂದೊಂದಕ್ಕೆ ಹತ್ತೇ ಜನ. ಒಂದು ಸ್ಪರ್ಧೆಗೆ ಒಂದು ದೇಶದಿಂದ ಒಬ್ಬರಿಗೆ ಮಾತ್ರ ಅವಕಾಶ.

ಆ ಹತ್ತು ಸೀಟುಗಳನ್ನು ಹಂಚಿದ ಬಗೆ ಹೀಗಿತ್ತು. ಒಂದು ಆತಿಥೇಯ ಜಪಾನಿಗೆ. ನಾಲ್ಕು ಒಲಿಂಪಿಕ್ ರ‍್ಯಾಂಕಿಂಗ್‌ನಲ್ಲಿ ಮೇಲಿದ್ದವರಿಗೆ. ಮೂರು ಪ್ಯಾರಿಸ್‌ನ ಕೊನೆಯ ಅರ್ಹತಾ ಟೂರ್ನಿಯಲ್ಲಿ ಮೊದಲ ಮೂರು ಸ್ಥಾನ ಪಡೆದವರಿಗೆ. ಉಳಿದವು ಯಾವ ಖಂಡವೂ ಹೊರಗುಳಿಯದಿರಲಿ ಎಂದು ಖಂಡಗಳ ಪ್ರಾತಿನಿಧ್ಯಕ್ಕೆ ಮತ್ತು ಆಹ್ವಾನಕ್ಕೆ. ಕಾಗದದ ಮೇಲೆ ನಾಲ್ಕು ಸಾಲಿನ ಲೆಕ್ಕ. ಅದರೊಳಗೆ ಆಟಗಾರರ ಬದುಕಿನ ಮೂರು ವರ್ಷಗಳಿದ್ದವು.

ತಕ್ಕಡಿಯ ಮುಂದೆ

ಅರ್ಹತೆಯ ಏಣಿಯ ಮೊದಲ ಮೆಟ್ಟಿಲು ತವರಿನಲ್ಲೇ ಇದೆ. ವಿಶ್ವ ಕರಾಟೆ ಫೆಡರೇಷನ್ ಪ್ರತಿ ದೇಶದಲ್ಲೂ ಒಂದು ರಾಷ್ಟ್ರೀಯ ಸಂಸ್ಥೆಯನ್ನು ಮಾನ್ಯ ಮಾಡುತ್ತದೆ. ಆಟಗಾರನ ಹೆಸರು ಆ ಸಂಸ್ಥೆಯ ಮೂಲಕವೇ ಹೋಗಬೇಕು. ವಿಶ್ವ ಚಾಂಪಿಯನ್‌ಷಿಪ್‌ಗೂ ಖಂಡದ ಚಾಂಪಿಯನ್‌ಷಿಪ್‌ಗೂ ಒಂದು ತೂಕಕ್ಕೆ ದೇಶದಿಂದ ಒಬ್ಬರೇ. ಜಪಾನ್, ಫ್ರಾನ್ಸ್, ಟರ್ಕಿ, ಇರಾನ್, ಈಜಿಪ್ಟ್‌ಗಳಂಥ ಕಡೆ ಪದಕಕ್ಕಿಂತ ರಾಷ್ಟ್ರೀಯ ತಂಡದ ಜಾಗವನ್ನು ಗೆಲ್ಲುವುದೇ ಕಷ್ಟ. ಜಗತ್ತಿನ ಮೊದಲ ಹತ್ತರಲ್ಲಿ ನಿಲ್ಲಬಲ್ಲ ಆಟಗಾರ್ತಿ ತನ್ನೂರಿನ ತರಬೇತಿ ಶಾಲೆಯಾದ ಡೋಜೋದಲ್ಲೇ ಉಳಿಯುವುದುಂಟು. ತಂಡದಲ್ಲಿ ಅವಳ ಮುಂದೆ ಇನ್ನೊಬ್ಬಳಿದ್ದಾಳೆ ಎಂಬುದಷ್ಟೇ ಕಾರಣ.

ತಂಡಕ್ಕೆ ಆಯ್ಕೆಯಾದ ಮೇಲೆ ಎದುರಾಗುವುದು ತಕ್ಕಡಿ. ಸ್ಪರ್ಧೆಗೆ ಮುನ್ನ ತೂಕ ನೋಡುವ ಕೋಣೆಯ ಹೊರಗೆ ಉದ್ದ ಸಾಲು. ಟ್ರ್ಯಾಕ್‌ಸೂಟಿನ ಮೇಲೆ ಇನ್ನೊಂದು ಟ್ರ್ಯಾಕ್‌ಸೂಟು ಹಾಕಿಕೊಂಡು ಕಾರಿಡಾರಿನಲ್ಲಿ ಓಡುತ್ತಿರುವವರು, ಒಣಗಿದ ತುಟಿಯನ್ನು ನಾಲಿಗೆಯಿಂದ ಸವರಿಕೊಳ್ಳುವವರು, ನೀರಿನ ಬಾಟಲಿಯನ್ನು ಕೈಯಲ್ಲಿ ಹಿಡಿದು ಒಂದು ಗುಟುಕೂ ಕುಡಿಯದೆ ನಿಂತವರು. ಒಳಗೆ ಪಾಸ್‌ಪೋರ್ಟ್ ನೋಡುತ್ತಾರೆ, ತಕ್ಕಡಿಯ ಮೇಲೆ ನಿಲ್ಲಿಸುತ್ತಾರೆ, ಸಂಖ್ಯೆ ಬರೆದುಕೊಳ್ಳುತ್ತಾರೆ. ಮಿತಿ ದಾಟಿದರೆ ವಿಮಾನದ ಟಿಕೆಟ್ಟು, ತಿಂಗಳುಗಳ ಅಭ್ಯಾಸ, ಅಪ್ಪ ಅಮ್ಮ ಹೊಂದಿಸಿದ ಹಣ ಎಲ್ಲವೂ ಆ ಕೋಣೆಯಲ್ಲೇ ಮುಗಿದುಹೋಗುತ್ತದೆ. ಸಂಖ್ಯೆ ಸರಿ ಇದ್ದವರು ಹೊರಬಂದು ಗೋಡೆಗೆ ಒರಗಿ, ಮೊದಲು ಕುಡಿಯುವುದು ಆ ಬಾಟಲಿಯ ನೀರನ್ನು.

ಎಂಟು ಮೀಟರಿನ ಚೌಕ

ಎಂಟು ಮೀಟರ್ ಉದ್ದ, ಎಂಟು ಮೀಟರ್ ಅಗಲದ ಮ್ಯಾಟು. ಒಂದೇ ಸಭಾಂಗಣದಲ್ಲಿ ಇಂಥ ಹಲವು ಚೌಕಗಳು ಒಟ್ಟಿಗೆ ನಡೆಯುತ್ತವೆ. ಕರಿ ಬೆಲ್ಟ್ ಗಳಿಸಿದವರೇ ಎಲ್ಲರೂ, ಆದರೆ ಇಲ್ಲಿ ಕಟ್ಟಿಕೊಳ್ಳುವುದು ಕೆಂಪು ಇಲ್ಲವೇ ನೀಲಿ. ಅದೇ ಬಣ್ಣದ ಗವಸು, ಅದೇ ಬಣ್ಣದ ಕಾಲಿನ ಪ್ಯಾಡು. ಹಲ್ಲಿಗೆ ಗಾರ್ಡ್. ರೆಫರಿಯ ಕೂಗಿಗೆ ಇಬ್ಬರೂ ತಲೆಬಾಗುತ್ತಾರೆ. ಗಡಿಯಾರದಲ್ಲಿ ಮೂರು ನಿಮಿಷ.

ಆಮೇಲಿನದು ಬರಿಗಣ್ಣಿಗೆ ಸುಲಭವಾಗಿ ಸಿಕ್ಕುವುದಿಲ್ಲ. ಇಬ್ಬರೂ ಪಾದದ ತುದಿಯಲ್ಲಿ ಪುಟಿಯುತ್ತಾರೆ. ಅರ್ಧ ಹೆಜ್ಜೆ ಮುಂದೆ, ಕಾಲು ಹೆಜ್ಜೆ ಹಿಂದೆ. ಹತ್ತು ಹನ್ನೆರಡು ಸೆಕೆಂಡು ಏನೂ ಆಗುವುದಿಲ್ಲ. ಇದ್ದಕ್ಕಿದ್ದಂತೆ ಒಂದು ಕೂಗು, ಎರಡು ದೇಹಗಳ ಡಿಕ್ಕಿ, ನಾಲ್ಕು ಮೂಲೆಗಳಲ್ಲಿ ಕುಳಿತ ತೀರ್ಪುಗಾರರ ಬಾವುಟಗಳು ಮೇಲೇಳುತ್ತವೆ. ಹೊಡೆತ ತಲೆಗೋ ಮೈಗೋ ಸರಿಯಾಗಿ ತಾಗಿದರೆ ಒಂದು ಅಂಕ, ಹೊಟ್ಟೆ ಬೆನ್ನಿಗೆ ಒದೆತವಾದರೆ ಎರಡು, ತಲೆಯ ಎತ್ತರಕ್ಕೆ ಒದೆತ ಸಂದರೆ ಮೂರು. ಎದುರಾಳಿಯನ್ನು ಬೀಳಿಸಿ ಮೇಲಿನಿಂದ ಹೊಡೆತ ಕೊಟ್ಟರೂ ಮೂರು. ಎಂಟು ಅಂಕಗಳ ಅಂತರ ಬಿದ್ದರೆ ಪಂದ್ಯ ಅಲ್ಲಿಗೇ ಮುಗಿಯಿತು. ಸಮಬಲವಾದರೆ, ಎದುರಾಳಿಗೆ ಅಂಕ ಬಿಡದೆ ಮೊದಲು ಅಂಕ ಗಳಿಸಿದವರದೇ ಗೆಲುವು. ಆದ್ದರಿಂದ ಮೊದಲ ಪಾಯಿಂಟಿಗಾಗಿ ಅಷ್ಟು ಹೊತ್ತು ಕಾಯುವುದು, ಕೊನೆಯ ಹದಿನೈದು ಸೆಕೆಂಡಿನಲ್ಲಿ ಹಿಂದೆ ಬಿದ್ದವರು ತಲೆಯೆತ್ತರದ ಒದೆತಕ್ಕಾಗಿ ಮೈಯೆಲ್ಲ ಪಣಕ್ಕೊಡ್ಡುವುದು.

ಹೊಡೆತ ತಾಗಬೇಕು, ಗಾಯವಾಗಬಾರದು. ಹತೋಟಿ ತಪ್ಪಿದ ಹೊಡೆತಕ್ಕೆ ಎಚ್ಚರಿಕೆ, ಎಚ್ಚರಿಕೆಗಳು ಹೆಚ್ಚಾದರೆ ಅನರ್ಹತೆ. ಪೂರ್ತಿ ವೇಗದಲ್ಲಿ ಹೋದ ಮುಷ್ಟಿ ಚರ್ಮ ಮುಟ್ಟಿ ಹಿಂದೆ ಬರಬೇಕು. ವರ್ಷಗಟ್ಟಲೆ ಬೆಳಗ್ಗೆ ಸಂಜೆ ಒಂದೇ ಹೊಡೆತವನ್ನು ಸಾವಿರ ಸಲ ಮಾಡಿಸುವ ಗುರುಗಳು ಕಲಿಸುವುದು ಹೊಡೆಯುವುದಕ್ಕಿಂತ ಹೆಚ್ಚಾಗಿ ನಿಲ್ಲಿಸುವುದನ್ನು.

ಕಟಾದ ಮ್ಯಾಟಿನ ಗಾಳಿಯೇ ಬೇರೆ. ಅಲ್ಲಿ ಎದುರಾಳಿ ಕಣ್ಣಿಗೆ ಕಾಣುವುದಿಲ್ಲ. ಆಟಗಾರ್ತಿ ನಡುವೆ ಬಂದು ಕಟಾದ ಹೆಸರನ್ನು ಎದೆತುಂಬಿ ಕೂಗುತ್ತಾಳೆ. ಫೆಡರೇಷನ್‌ನ ಪಟ್ಟಿಯಲ್ಲಿರುವ 102 ಕಟಾಗಳಲ್ಲಿ ಒಂದನ್ನೇ ಆರಿಸಬೇಕು, ಒಮ್ಮೆ ಮಾಡಿದ್ದನ್ನು ಅದೇ ಟೂರ್ನಿಯ ಮುಂದಿನ ಸುತ್ತಿನಲ್ಲಿ ಮಾಡುವಂತಿಲ್ಲ. ಟೋಕಿಯೊ ಕಾಲದ ನಿಯಮದಲ್ಲಿ ಏಳು ತೀರ್ಪುಗಾರರು ಅಂಕ ಕೊಡುತ್ತಿದ್ದರು. ತಂತ್ರಕ್ಕೆ ನೂರಕ್ಕೆ 70, ದೇಹಶಕ್ತಿಗೆ 30ರ ತೂಕ. ಅತಿ ಹೆಚ್ಚಿನ ಎರಡು, ಅತಿ ಕಡಿಮೆಯ ಎರಡು ಅಂಕ ತೆಗೆದುಹಾಕಿ ಉಳಿದದ್ದನ್ನು ಲೆಕ್ಕ ಹಿಡಿಯುತ್ತಿದ್ದರು. ನಿಂತ ಕಾಲು ಒಂದು ಎಳೆ ಅಲುಗಿದರೂ ಸಭಾಂಗಣದಲ್ಲಿದ್ದ ಬಲ್ಲವರೆಲ್ಲರಿಗೂ ಅದು ಗೊತ್ತಾಗುತ್ತಿತ್ತು.

ಹನಿಗೂಡಿ ಹಳ್ಳ

ಟೋಕಿಯೊದ ಅರ್ಹತೆಯ ಅಂಕಗಳ ಎಣಿಕೆ 2018ರಲ್ಲಿ ಶುರುವಾಯಿತು. ಆ ನವೆಂಬರ್‌ನಲ್ಲಿ ಮ್ಯಾಡ್ರಿಡ್‌ನ ವಿಶ್ವ ಚಾಂಪಿಯನ್‌ಷಿಪ್. ಬಳಿಕ ಖಂಡಗಳ ಚಾಂಪಿಯನ್‌ಷಿಪ್‌ಗಳು. ಇವುಗಳ ನಡುವೆ ತಿಂಗಳು ಬಿಟ್ಟು ತಿಂಗಳು ‘ಕರಾಟೆ 1’ ಪ್ರೀಮಿಯರ್ ಲೀಗ್. 2019ರೊಂದರಲ್ಲೇ ಪ್ಯಾರಿಸ್, ದುಬೈ, ರಬಾತ್, ಶಾಂಘೈ, ಟೋಕಿಯೊ, ಮಾಸ್ಕೊ, ಮ್ಯಾಡ್ರಿಡ್. ರ‍್ಯಾಂಕಿಂಗ್‌ನಲ್ಲಿ ಮೇಲಿರುವವರಿಗೆ ಪ್ರೀಮಿಯರ್ ಲೀಗ್, ಮೇಲೇರಲು ಹೊರಟವರಿಗೆ ಸೀರೀಸ್ ಎ. ಸೀರೀಸ್ ಎ ಟೂರ್ನಿಯಲ್ಲಿ ಒಂದೇ ತೂಕಕ್ಕೆ ನೂರಾರು ಹೆಸರು ಬಂದು, ಬೆಳಗ್ಗೆ ಶುರುವಾದ ಪಂದ್ಯಗಳು ರಾತ್ರಿಯವರೆಗೆ ಎಳೆಯುತ್ತಿದ್ದವು.

ಪ್ರತಿ ಟೂರ್ನಿಯ ಅಂಕಕ್ಕೂ ಒಂದು ಬೆಲೆಯಿತ್ತು. ವಿಶ್ವ ಚಾಂಪಿಯನ್‌ಷಿಪ್ ಎಲ್ಲಕ್ಕಿಂತ ಮೇಲು. ಚಿನ್ನ, ಬೆಳ್ಳಿ, ಕಂಚಿಗೆ ಮಾತ್ರವಲ್ಲ, ಐದನೇ, ಏಳನೇ ಸ್ಥಾನಕ್ಕೂ ಅಂಕವಿತ್ತು. ಹನಿಗೂಡಿ ಹಳ್ಳ, ತೆನೆಗೂಡಿ ಬಳ್ಳ ಎಂಬ ನಮ್ಮ ಗಾದೆ ಈ ರ‍್ಯಾಂಕಿಂಗ್‌ಗೆ ಹೊಂದುವಷ್ಟು ಬೇರಾವುದಕ್ಕೂ ಹೊಂದಲಾರದು. ಒಂದು ದಿನ ಮಿಂಚಿ ಮೂರು ತಿಂಗಳು ಮನೆಯಲ್ಲಿ ಕೂತವರನ್ನು ಪಟ್ಟಿ ಕೆಳಗಿಳಿಸುತ್ತಿತ್ತು. ಎರಡನೇ ಸುತ್ತಿನಲ್ಲಿ ಸೋತರೂ ರೆಪೆಚೇಜ್‌ನಲ್ಲಿ ಎದ್ದು ಬಂದು ಕಂಚು ಹಿಡಿದು, ಮುಂದಿನ ವಾರ ಇನ್ನೊಂದು ವಿಮಾನ ಹತ್ತಿದವರನ್ನು ಮೇಲೆತ್ತುತ್ತಿತ್ತು. ಎಡೆಬಿಡದ ಗಳಿಕೆಗೆ ಸ್ಪೇನಿನ ಸಾಂಡ್ರಾ ಸ್ಯಾಂಚೆಜ್ ದೊಡ್ಡ ಉದಾಹರಣೆ. ಬಹುತೇಕ ಆಟಗಾರರು ನಿವೃತ್ತರಾಗುವ ವಯಸ್ಸಿನಲ್ಲಿ ಆಕೆ ಟೂರ್ನಿಯಿಂದ ಟೂರ್ನಿಗೆ ಪದಕದ ವೇದಿಕೆ ಬಿಟ್ಟಿಳಿಯದೆ ಕಟಾದ ರ‍್ಯಾಂಕಿಂಗ್‌ನಲ್ಲಿ ಮೇಲೆ ನಿಂತರು. ಟೋಕಿಯೊದಲ್ಲಿ ಮಹಿಳೆಯರ ಕಟಾ ಚಿನ್ನ ಗೆದ್ದಾಗ ಅವರಿಗೆ 39 ವರ್ಷ.

ಕುಮಿಟೆಯವರಿಗೆ ಇನ್ನೊಂದು ಕಷ್ಟವಿತ್ತು. ವಿಶ್ವ ಫೆಡರೇಷನ್‌ನಲ್ಲಿ ಪುರುಷರಿಗೆ ಐದು, ಮಹಿಳೆಯರಿಗೆ ಐದು ತೂಕಗಳಿವೆ. ಒಲಿಂಪಿಕ್ಸ್ ಮೂರು ಮೂರು ಮಾತ್ರ ಒಪ್ಪಿತು. ಹಾಗಾಗಿ 60 ಮತ್ತು 67 ಕಿಲೊ ಪುರುಷರನ್ನು ಒಂದೇ ವಿಭಾಗಕ್ಕೆ ಸೇರಿಸಿದರು. 84 ಕಿಲೊದವರೂ ಅದಕ್ಕಿಂತ ಭಾರದವರೂ ಒಂದೇ ಗುಂಪಾದರು. ಮಹಿಳೆಯರಲ್ಲಿ 50 ಮತ್ತು 55 ಕಿಲೊ ಕೂಡಿತು. 68 ಕಿಲೊದವರು ಅದರ ಮೇಲಿನವರೊಡನೆ ಸೇರಿದರು. ಕಜಾಕಸ್ತಾನದ ದರ್ಖಾನ್ ಅಸಾದಿಲೊವ್ ಸಾಮಾನ್ಯವಾಗಿ 60 ಕಿಲೊದಲ್ಲಿ ಆಡುತ್ತಿದ್ದವರು. ಟೋಕಿಯೊದಲ್ಲಿ 67 ಕಿಲೊದವರ ನಡುವೆ ನಿಂತು ಕಂಚು ಗೆದ್ದರು. ಜಪಾನಿನ ಮಿಹೊ ಮಿಯಹಾರಾ 50 ಕಿಲೊದ ವಿಶ್ವ ಚಾಂಪಿಯನ್ ಆಗಿದ್ದವರು, 55 ಕಿಲೊದಲ್ಲಿ ತನಗಿಂತ ಉದ್ದ ಕೈಕಾಲಿನವರನ್ನು ಎದುರಿಸಬೇಕಾಯಿತು.

ನಿಂತುಹೋದ ಗಡಿಯಾರ

ರ‍್ಯಾಂಕಿಂಗ್ ಲೆಕ್ಕ 2020ರ ಏಪ್ರಿಲ್ ಆರಂಭಕ್ಕೆ ಮುಗಿಯಬೇಕಿತ್ತು. ಜನವರಿಯಲ್ಲಿ ಪ್ಯಾರಿಸ್, ಫೆಬ್ರುವರಿಯಲ್ಲಿ ದುಬೈ, ಮಾರ್ಚ್ ಒಂದಕ್ಕೆ ಮುಗಿದ ಆಸ್ಟ್ರಿಯಾದ ಸಾಲ್ಜ್‌ಬರ್ಗ್. ಮುಂದಿನದು ರಬಾತ್‌ನಲ್ಲಿ ಎಂದು ಎಲ್ಲರೂ ಚೀಲ ಕಟ್ಟುತ್ತಿದ್ದಾಗ ಕೊರೊನಾ ಬಾಗಿಲು ಹಾಕಿತು. ಟೂರ್ನಿ ರದ್ದು, ಒಲಿಂಪಿಕ್ಸ್ ಒಂದು ವರ್ಷ ಮುಂದಕ್ಕೆ. ಡೋಜೋಗಳಿಗೆ ಬೀಗ ಬಿತ್ತು. ಜಗತ್ತಿನ ಮುಂಚೂಣಿ ಆಟಗಾರರು ಮನೆಯ ಹಜಾರದಲ್ಲಿ ಸೋಫಾ ಸರಿಸಿ, ಗೋಡೆಗೆ ದಿಂಬು ಕಟ್ಟಿ, ಮೊಬೈಲ್ ಪರದೆಯಲ್ಲಿ ಕೋಚ್ ಹೇಳಿದಂತೆ ಒದೆತ ಅಭ್ಯಾಸ ಮಾಡಿದರು. ಎದುರಿಗೆ ಇನ್ನೊಂದು ದೇಹವಿಲ್ಲದೆ ಕುಮಿಟೆಯ ಅಂತರ, ಹೊತ್ತು, ಎದುರಾಳಿಯ ಉಸಿರಿನ ಲಯ ಯಾವುದನ್ನೂ ಉಳಿಸಿಕೊಳ್ಳಲಾಗದು. ಪಟ್ಟಿಯಲ್ಲಿ ನಾಲ್ಕನೇ ಸ್ಥಾನದಲ್ಲಿದ್ದವರಿಗೆ ಸೀಟು ಕೈಯಲ್ಲಿದೆಯೋ ಇಲ್ಲವೋ ತಿಳಿಯದೆ ತಿಂಗಳುಗಳೇ ಕಳೆದವು. ಐದನೆಯವರಿಗೆ ಅದೇ ತಿಂಗಳುಗಳು ಹೊಸ ಆಸೆಯನ್ನು ಕೊಟ್ಟವು.

2021ರಲ್ಲಿ ಇಸ್ತಾಂಬುಲ್, ಲಿಸ್ಬನ್ ಪ್ರೀಮಿಯರ್ ಲೀಗ್‌ಗಳು ನಡೆದವು. ಮೇ 24ಕ್ಕೆ ಪಟ್ಟಿ ಅಂತಿಮವಾಯಿತು. ಒಳಗೆ ಬಂದವರು ನಿಟ್ಟುಸಿರು ಬಿಟ್ಟರು. ಹೊರಗುಳಿದವರ ಮುಂದೆ ಆಡಿ ಗೆಲ್ಲುವ ಒಂದೇ ದಾರಿ ಉಳಿದಿತ್ತು: ಪ್ಯಾರಿಸ್.

ಕೊನೆಯ ಬಾಗಿಲು

2021ರ ಜೂನ್ 11ರಿಂದ 13. ವರ್ಷದ ಹಿಂದೆಯೇ ಆಗಬೇಕಿದ್ದ ಅರ್ಹತಾ ಟೂರ್ನಿ. ಒಂದು ವಿಭಾಗದಲ್ಲಿ ಆಗಲೇ ಸೀಟು ಪಡೆದ ದೇಶಕ್ಕೆ ಆ ವಿಭಾಗದಲ್ಲಿ ಇಲ್ಲಿ ಜಾಗವಿಲ್ಲ. ಬಂದವರೆಲ್ಲರೂ ಸೀಟು ತಪ್ಪಿಸಿಕೊಂಡವರೇ. ಮೊದಲ ಮೂವರಿಗೆ ಟೋಕಿಯೊ, ನಾಲ್ಕನೆಯವರಿಗೆ ಮನೆ. ಸಾಮಾನ್ಯ ಟೂರ್ನಿಯಲ್ಲಿ ಮೂರನೇ ಸ್ಥಾನಕ್ಕೆ ಬಂದವರ ಮುಖದಲ್ಲಿ ಅರ್ಧ ಸಂತೋಷ ಕಾಣುತ್ತದೆ. ಇಲ್ಲಿ ಮೂರನೇ ಸ್ಥಾನಕ್ಕೂ ಚಿನ್ನದಷ್ಟೇ ಬೆಲೆ. ಅದನ್ನು ಗೆದ್ದವರು ಮೊಣಕಾಲೂರಿ ಮ್ಯಾಟಿಗೆ ಹಣೆ ಹಚ್ಚಿ ಅಳುವುದು, ಸೋತವರನ್ನು ಕೋಚ್ ಭುಜ ಹಿಡಿದು ಎಬ್ಬಿಸಿ ತಲೆಬಾಗಿಸುವುದು, ಎರಡೂ ಒಂದೇ ಚೌಕದೊಳಗಿನ ದೃಶ್ಯ.

ಕ್ಯೂಬಾದಲ್ಲಿ ಹುಟ್ಟಿ ಅಮೆರಿಕದ ಫ್ಲೋರಿಡಾದಲ್ಲಿ ಬೆಳೆದ ಏರಿಯಲ್ ಟಾರೆಸ್ ಪುರುಷರ ಕಟಾದಲ್ಲಿ ಈ ಬಾಗಿಲಿನಿಂದಲೇ ಒಳಗೆ ಬಂದವರು. ರ‍್ಯಾಂಕಿಂಗ್ ಕೊಡದಿದ್ದ ಸೀಟನ್ನು ಪ್ಯಾರಿಸ್‌ನಲ್ಲಿ ಗಳಿಸಿ, ಎರಡು ತಿಂಗಳೊಳಗೆ ಟೋಕಿಯೊದಲ್ಲಿ ಕಂಚು ಕೊರಳಿಗೆ ಹಾಕಿಸಿಕೊಂಡರು. ಕೊನೆಯ ಬಾಗಿಲಿನಿಂದ ಬಂದವರು ಕೊನೆಯ ಸಾಲಿನವರಲ್ಲ ಎಂಬುದನ್ನು ಅವರಿಗಿಂತ ಚೆನ್ನಾಗಿ ಯಾರೂ ಹೇಳಲಾರರು.

ಇನ್ನೂ ಒಂದು ದಾರಿಯಿತ್ತು. ದೇಶ ಕಳೆದುಕೊಂಡವರಿಗೆ ರಾಷ್ಟ್ರೀಯ ಸಂಸ್ಥೆ ಎಲ್ಲಿಂದ ಬರಬೇಕು? ಸಿರಿಯಾದ ಯುದ್ಧದಿಂದ ಪಾರಾಗಿ ಜರ್ಮನಿ ಸೇರಿದ ವಾಯೆಲ್ ಶುಯೆಬ್, ಇರಾನ್ ತೊರೆದು ಕೆನಡಾದಲ್ಲಿ ನೆಲೆಸಿದ ಹಮೂನ್ ದೆರಫ್ಶಿಪೋರ್, ಇಬ್ಬರೂ ಒಲಿಂಪಿಕ್ ನಿರಾಶ್ರಿತರ ತಂಡದಲ್ಲಿ ಬಂದರು. ಒಬ್ಬರು ಕಟಾಕ್ಕೆ, ಇನ್ನೊಬ್ಬರು ಕುಮಿಟೆಗೆ. ಅರ್ಹತೆಯ ನಿಯಮಗಳು ಕಠಿಣವಾಗಿರಲೇಬೇಕು. ಆ ಕಠಿಣತೆಯಲ್ಲಿ ಇವರಿಗೊಂದು ಜಾಗವಿದ್ದದ್ದರಿಂದ ಕ್ರೀಡೆಯ ಘನತೆ ಹೆಚ್ಚಿತು.

ಬುಡೋಕಾನ್

2021ರ ಆಗಸ್ಟ್ 5ರಿಂದ 7. ಟೋಕಿಯೊದ ನಿಪ್ಪಾನ್ ಬುಡೋಕಾನ್. 1964ರ ಒಲಿಂಪಿಕ್ಸ್‌ನಲ್ಲಿ ಜೂಡೊಗೆಂದು ಕಟ್ಟಿದ, 1970ರಲ್ಲಿ ಕರಾಟೆಯ ಮೊದಲ ವಿಶ್ವ ಚಾಂಪಿಯನ್‌ಷಿಪ್ ಕಂಡ ಎಂಟು ಮೂಲೆಯ ಕಟ್ಟಡ. ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಖಾಲಿ ಕುರ್ಚಿಗಳ ನಡುವೆ ಕೂಗು ಇನ್ನಷ್ಟು ದೊಡ್ಡದಾಗಿ ಕೇಳುತ್ತಿತ್ತು.

ಒಕಿನಾವಾ ದ್ವೀಪದಲ್ಲಿ ಬೆಳೆದ ಈ ಕಲೆಯನ್ನು ಗಿಚಿನ್ ಫುನಾಕೋಶಿ 1922ರಲ್ಲಿ ಟೋಕಿಯೊಗೆ ತಂದು ತೋರಿಸಿದರು. ಸುಮಾರು ನೂರು ವರ್ಷದ ಬಳಿಕ ಅದೇ ಒಕಿನಾವಾದ ರಿಯೊ ಕಿಯುನಾ ಅದೇ ನಗರದಲ್ಲಿ ಪುರುಷರ ಕಟಾ ಚಿನ್ನ ಗೆದ್ದರು. ಫೈನಲ್‌ನಲ್ಲಿ ಸ್ಪೇನಿನ ಡಮಿಯನ್ ಕ್ವಿಂಟೆರೊ ಎದುರು 28.72 ಅಂಕ. ಒಲಿಂಪಿಕ್ ಚಿನ್ನ ಗೆದ್ದ ಮೊದಲ ಒಕಿನಾವಾದವರು ಅವರು. ವೇದಿಕೆಯ ಮೇಲೆ ತೀರಿಹೋದ ತಾಯಿಯ ಚಿತ್ರ ಅವರ ಕೈಯಲ್ಲಿತ್ತು. ಉಳಿದ ಚಿನ್ನ ಗೆದ್ದವರು ಇಟಲಿಯ ಲುಯಿಜಿ ಬುಸಾ, ಫ್ರಾನ್ಸ್‌ನ ಸ್ಟೀವನ್ ಡ ಕೋಸ್ಟಾ, ಸೆರ್ಬಿಯಾದ ಯೊವಾನಾ ಪ್ರೆಕೊವಿಚ್, ಬಲ್ಗೇರಿಯಾದ ಇವೆಟ್ ಗೊರಾನೊವಾ, ಈಜಿಪ್ಟ್‌ನ ಫೆರಿಯಲ್ ಅಬ್ದೆಲಜೀಜ್, ಇರಾನಿನ ಸಜ್ಜಾದ್ ಗಂಜ್‌ಜಾದೆ, ಸ್ಪೇನಿನ ಸ್ಯಾಂಚೆಜ್. ಎಂಟು ಚಿನ್ನ ಏಳು ದೇಶಗಳಿಗೆ ಮತ್ತು ಆತಿಥೇಯ ಜಪಾನಿಗೆ ಒಂದೊಂದರಂತೆ ಹಂಚಿಹೋಯಿತು. ಕರಾಟೆ ಎಷ್ಟು ದೂರ ಹರಡಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದರೂ 2024ರ ಪ್ಯಾರಿಸ್ ಕೂಟದಲ್ಲಿ ಅದಕ್ಕೆ ಜಾಗ ಸಿಗಲಿಲ್ಲ, 2028ರ ಲಾಸ್ ಏಂಜಲೀಸ್ ಪಟ್ಟಿಯಲ್ಲೂ ಇಲ್ಲ. ಇಷ್ಟು ದೇಶಗಳ ಮಕ್ಕಳು ಏರುತ್ತಿರುವ ಏಣಿಯ ತುದಿಯ ಮೆಟ್ಟಿಲನ್ನೇ ತೆಗೆದದ್ದು ನೋವಿನ ಸಂಗತಿ.

ನಮ್ಮ ಮಕ್ಕಳಿಗೆ

ಟೋಕಿಯೊದ ಕರಾಟೆ ಪಟುಗಳಲ್ಲಿ ಭಾರತದವರು ಯಾರೂ ಇರಲಿಲ್ಲ. ಕಲಿಯುವವರಿಗೇನೂ ಕೊರತೆಯಿಲ್ಲ. ಕರ್ನಾಟಕದಲ್ಲಿ ಯಾವ ಊರಿನ ಶಾಲಾ ಮೈದಾನಕ್ಕೆ ಸಂಜೆ ಹೋದರೂ ಬಿಳಿ ಉಡುಪಿನ ಮಕ್ಕಳ ಸಾಲು ಕಾಣುತ್ತದೆ. ಹಳದಿ, ಹಸಿರು, ಕಂದು ಬೆಲ್ಟುಗಳು. ಮಾಸ್ಟರ್ ಎಣಿಕೆಗೆ ಒಟ್ಟಾಗಿ ಏಳುವ ಕೂಗು. ಕಾಂಪೌಂಡಿನ ಪಕ್ಕ ಸ್ಕೂಟರ್ ನಿಲ್ಲಿಸಿ ಕಾಯುವ ಅಮ್ಮಂದಿರು. ಸರ್ಕಾರಿ ವಸತಿ ಶಾಲೆಗಳ ಹೆಣ್ಣುಮಕ್ಕಳಿಗೆ ಓಬವ್ವನ ಹೆಸರಿನ ಆತ್ಮರಕ್ಷಣೆ ತರಬೇತಿಯೂ ಇದೆ. ಪದಕ ಹಿಡಿದ ಮಕ್ಕಳ ಫೋಟೊ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಬರುತ್ತಲೇ ಇರುತ್ತದೆ, ಕೆಳಗೆ ‘ಅಂತರರಾಷ್ಟ್ರೀಯ ಟೂರ್ನಿ’ ಎಂಬ ಒಕ್ಕಣೆಯೊಡನೆ.

ಆ ಮಕ್ಕಳ ಶ್ರಮ ನಿಜ, ಸಂತೋಷವೂ ನಿಜ. ಹೆತ್ತವರು ಕೇಳಬೇಕಾದ ಪ್ರಶ್ನೆಗಳು ಮೂರಿವೆ. ಈ ಟೂರ್ನಿಯನ್ನು ನಡೆಸುತ್ತಿರುವವರು ವಿಶ್ವ ಫೆಡರೇಷನ್‌ನ ಮಾನ್ಯತೆಯ ಸರಪಳಿಯಲ್ಲಿದ್ದಾರೆಯೇ? ಇಲ್ಲಿ ಗೆದ್ದರೆ ರಾಜ್ಯ, ರಾಷ್ಟ್ರ ಮಟ್ಟದ ಆಯ್ಕೆಗೆ ದಾರಿಯಿದೆಯೇ? ಮಗುವಿನ ವಯಸ್ಸು, ತೂಕದ ವಿಭಾಗ ವಿಶ್ವ ನಿಯಮದಂತೆ ಇದೆಯೇ? ಕರಾಟೆಯಲ್ಲಿ ಶೈಲಿಗಳು ಹಲವು, ಸಂಸ್ಥೆಗಳು ಅದಕ್ಕಿಂತ ಹೆಚ್ಚು. ಎಲ್ಲ ಸಂಸ್ಥೆಗಳೂ ಮಗುವಿಗೆ ಶಿಸ್ತು ಕಲಿಸಬಲ್ಲವು. ದೇಶದ ಬಣ್ಣ ತೊಡಿಸಬಲ್ಲ ದಾರಿ ಒಂದೇ. ಆ ದಾರಿಯಲ್ಲಿ 14 ಮತ್ತು 15 ವಯಸ್ಸಿನವರಿಗೆ ಕೆಡೆಟ್, 16 ಮತ್ತು 17ಕ್ಕೆ ಜೂನಿಯರ್, ಆಮೇಲೆ 21ರೊಳಗಿನವರ ವಿಭಾಗ, ಕೊನೆಗೆ ಸೀನಿಯರ್. ಒಲಿಂಪಿಕ್ಸ್ ಇಲ್ಲದಿದ್ದರೂ ವಿಶ್ವ ಚಾಂಪಿಯನ್‌ಷಿಪ್ ಇದೆ, ಏಷ್ಯನ್ ಚಾಂಪಿಯನ್‌ಷಿಪ್ ಇದೆ, 2026ರ ಐಚಿ–ನಗೊಯಾ ಏಷ್ಯನ್ ಗೇಮ್ಸ್‌ನಲ್ಲೂ ಕರಾಟೆ ಇದೆ.

ನಮ್ಮ ಡೋಜೋಗಳಲ್ಲಿ ಗೆದ್ದ ಮಗುವಿಗೆ ಹಾರ ಹಾಕುತ್ತೇವೆ. ಸೋತ ಮಗುವಿಗೆ ಮುಂದಿನ ವರ್ಷ ನೋಡೋಣ ಎನ್ನುತ್ತೇವೆ. ಜಾಗತಿಕ ಕರಾಟೆಯ ಅರ್ಹತೆಯ ಪಾಠ ಬೇರೆ: ಮುಂದಿನ ವರ್ಷ ಅಲ್ಲ, ಇನ್ನರ್ಧ ಗಂಟೆಯಲ್ಲಿ ಮತ್ತೆ ಆಡಬೇಕು, ಆ ಪಂದ್ಯಕ್ಕೂ ಅಂಕವಿದೆ. ಮಾಸ್ಟರ್‌ಗಳು ಮೊದಲ ಬೆಲ್ಟಿನಿಂದಲೇ ಇದನ್ನು ಕಲಿಸಬೇಕು. ಜಿಲ್ಲಾ ಮಟ್ಟದ ಟೂರ್ನಿಗಳಲ್ಲೂ ರೆಪೆಚೇಜ್ ಇರಬೇಕು, ಸೋತ ಮಗುವಿಗೆ ಮತ್ತೆ ಮ್ಯಾಟಿಗಿಳಿಯುವ ಅಭ್ಯಾಸ ಆಗಬೇಕು. ಹೊಡೆತದ ವೇಗ ನಮ್ಮ ಮಕ್ಕಳಲ್ಲಿ ಇದ್ದೇ ಇದೆ. ಸಿಗಬೇಕಾದದ್ದು ಸರಿಯಾದ ದಾರಿ, ಆ ದಾರಿಯಲ್ಲಿ ಸೋತರೂ ಸಂಜೆಯವರೆಗೆ ಆಡುವ ಅವಕಾಶ. ಅದನ್ನು ಒದಗಿಸುವ ಹೊಣೆ ಹಿರಿಯರದು.